ಬಣ್ಣ ಇಲ್ಲದ್ದು

ಆಳಂದ ನಾಕಾದ ಆಚಿಗೆ, ಪಂಕ್ಚರ್ ಅಂಗಡಿಗೆ ಹತ್ತಿ ನನ್ನ ತಗಡಿನ ಶೆಡ್ಡು.
ಗುರುಬಾಯಿ ಟಂಟಂನಾಗ ಮೇಜು ಹೇರಿಕೊಂಡು ಬಂದಳು,
ಆರು ಫೂಟಿನ ಬೇವಿನ ಹಲಗಿ, ಮೋನಪ್ಪ ಬಡಿಗೇರನ ಕೈ.
"ಬಣ್ಣ ಬ್ಯಾಡಪಾ. ಬಣ್ಣ ಇಲ್ಲದ್ದು ಏನರ ಹಚ್ಚು."

ಬಣ್ಣ ಇಲ್ಲದ್ದು ನನ್ನ ಹತ್ತಿರ ನಾಕು ನಮೂನಿ ಅದಾವ.
ಅರಗು, ಸ್ಪಿರಿಟ್‌ನಾಗ ರಾತ್ರಿಯೆಲ್ಲಾ ನೆನಸಿದ್ದು,
ಮದುವಿ ಮಂಚಕ್ಕ ಹಚ್ಚಿದರ ಒಳಗಿಂದ ದೀಪ ಇಟ್ಟಂಗ;
ಬಿಸಿ ಗಿಲಾಸು ಇಟ್ಟರ ಮಾತ್ರ ಬೆಳ್ಳನ ಉಂಗುರ,
ಅದು ಯಾರನ್ನೂ ಮಾಫ್ ಮಾಡೂದಿಲ್ಲ.
ಮೆಲಮೈನ್, ಪಂಪಿನಿಂದ ಹೊಡದರ ಎರಡು ತಾಸಿನ್ಯಾಗ ಗಾಜು,
ವಾಸನಿ ದೀಪಾವಳಿ ತನಕ.
ಪಿಯು, ದರ ಕೇಳಿ ಎದ್ದು ಹೋದವರೇ ಭಾಳ.

"ಇದರ ಮ್ಯಾಲ ಏನ ಮಾಡ್ತಿ?"
"ರೊಟ್ಟಿ."
ದಿನಕ್ಕ ಎಂಟುನೂರು. ಏಳು ಮಂದಿ ಹೆಣ್ಮಕ್ಕಳು.
ಇಷ್ಟು ದಿನ ಫರಸಿ ಮ್ಯಾಲ ಕುಂತು ಬಡದು ಮೊಣಕಾಲು ಹೋದವು,
ಇನ್ನ ನಿಂತು ಬಡೀತಾರಂತ.
"ನೀರು ಬೀಳತದ, ಬಿಸೀವು ಒಟ್ಟತೀವಿ.
ಮಂದಿ ಬಾಯಿಗೆ ಹೋಗೂದು, ನೆಪ್ಪಿರಲಿ."

ಮೆಲಮೈನ್ ಡಬ್ಬಿ ಮುಚ್ಚಿದೆ.
ಉಳಿದದ್ದು ಅಗಸಿ ಎಣ್ಣಿ.
ಪೇಂಟ್ ಅಂಗಡಿಯ ಕುದಿಸಿದ್ದಲ್ಲ, ಲಗೂನ ಒಣಗಲಂತ ಅದರಾಗ ಏನೇನೋ ಹಾಕಿರ್ತಾರ;
ಗಾಣದ್ದು, ಹಸೀದು, ಹಿಂಡಿ ಕುಟ್ಟಿ ಉಣ್ಣೂ ಅದೇ ಅಗಸಿ.
"ಮನ್ಯಾಗ ಕುಸುಬಿ ಎಣ್ಣಿ ಅದಲ್ಲ, ನಡೀತದೇನು?"
"ಅದು ಒಣಗೂದಿಲ್ಲವ್ವಾ, ಜಿಗಿ ಹಿಡದು ಕುಂದರತದ,
ಎದ್ದು ಹೋಗಲಾರದ ಬೀಗರಂಗ."
ನಕ್ಕಳು. "ಇದಕ್ಕೆಷ್ಟು ದಿನ?"
"ಹದಿನೈದು."
ನಗು ನಿಂತಿತು.

ಒದ್ದಿ ಅರಿವಿಲಿಂದ ಒಮ್ಮೆ ಒರೆಸಿ ನೋಡಿದೆ.
ಒಣಗಿದ್ದಾಗ ಕಾಣದ್ದೆಲ್ಲಾ ಎದ್ದು ಕುಂತಿತು:
ಎಳಿಗೆ ಅಡ್ಡ ಉಜ್ಜಿದ ಗೀರು,
ಗಂಟಿನ ಸುತ್ತ ರಂದಾದ ಹಲ್ಲು,
ಮೋನಪ್ಪ ಊಟಕ್ಕ ಅವಸರ ಮಾಡಿದ ಒಂದು ಮಧ್ಯಾಹ್ನ.
ಬಣ್ಣ ಆಗಿದ್ದರ ಮುಚ್ಚಿಬಿಡ್ತಿದ್ದೆ.
ಮೂವತ್ತು ವರ್ಷ ಮುಚ್ಚೀನಿ,
ಜಾಲಿಗೆ ಸಾಗವಾನಿ ಬಣ್ಣ, ಬಿರುಕಿಗೆ ಪುಟ್ಟಿ,
ಕೇಳಿದವರಿಗೆ "ಖರೇ ಮಾಲ್ರೀ" ಅಂತ ಒಂದು ಮಾತು.
ಮತ್ತ ನೂರಾ ಎಂಬತ್ತರ ಕಾಗದ ತಗೊಂಡೆ,
ಆಮ್ಯಾಲ ಇನ್ನೂರಾ ಇಪ್ಪತ್ತರದು,
ಎಳಿಗುಂಟ, ಎಳಿಗುಂಟ, ಹೆಗಲು ಮರಗಟ್ಟೂ ತನಕ.

ಮೊದಲ ಕೈ ಎಣ್ಣಿ ಹಲಗಿ ಗಟಗಟ ಕುಡೀತು.
ಅರ್ಧ ತಾಸು ಬಿಟ್ಟು, ಕುಡೀದೆ ಉಳದದ್ದು ಒರೆಸಿದೆ.
ಹಚ್ಚಲಿಕ್ಕ ಯಾರಿಗೂ ಬರ್ತದ.
ಒರೆಸೂದು ಕಲೀಲಿಕ್ಕ ನನಗ ಆರು ವರ್ಷ ಹಿಡೀತು.

ಒರೆಸಿದ ಅರಿವಿ ಮುದ್ದಿ ಮಾಡಿ ಮೂಲಿಗೆ ಒಗೀಬಾರದು,
ಕಡ್ಡಿ ಕೊರೀದೆ ತಾನೇ ಹೊತ್ತತದ.
ಉಸ್ತಾದ ಲಾಡ್ಲೇಸಾಬನ ಅಂಗಡಿ ಹಂಗೇ ಹೋತು,
ಒಳಗ ಯಾರೂ ಇರಲಿಲ್ಲ, ಅಷ್ಟು ಪುಣ್ಯ.
ಮರುದಿನ ಬೂದ್ಯಾಗ ನಿಂತು ಒಂದೇ ಮಾತಂದ:
"ಬಿಡಿಸಿ ಹರವಬೇಕಿತ್ತು."
ತಂತಿ ಮ್ಯಾಲ ಬಿಡಿಸಿ ಹರವಿದೆ,
ಮೇ ತಿಂಗಳ ಬಿಸಲಾಗ ನಾಕು ಹಳದಿ ಚೂರು.

ಗುರುಬಾಯಿ ಎರಡು ದಿನಕ್ಕೊಮ್ಮೆ ಬರ್ತಿದ್ದಳು,
ಹಂಚಿನ ಕಾವು ನೋಡೂವಂಗ ಹಿಂಗೈ ತಾಗಿಸಿ
ಮಾತಾಡದೆ ಹೋಗ್ತಿದ್ದಳು.
ಹದಿನಾರನೇ ದಿನ ಸೆರಗಿನ್ಯಾಗ ಹಿಟ್ಟು ತಂದಳು.
ನನ್ನ ಕೊಡದ ನೀರು ಕೇಳಿ ನಾದಿ,
ಶೆಡ್ಡಿನ್ಯಾಗೇ ನಿಂತು ಒಂದು ಬಡದಳು.
ಪಂಕ್ಚರ್ ಹುಡುಗ ಟ್ಯೂಬು ಬಿಟ್ಟು ಬಂದು ನೋಡಿದ.
ಎತ್ತಿದಳು. ಎದ್ದಿತು, ಚಂದ್ರನಂಗ ಅಲ್ಲ, ಅಂಚು ಒಂದೀಟು ಹರದು.

ಹಲಗಿ ಮ್ಯಾಲ ಹಿಟ್ಟಿನ ಐದು ಬೆರಳು ಉಳದಿದ್ದವು.
ಅರಿವಿ ಹಿಡದ ಕೈ ಅಲ್ಲಿ ತನಕ ಹೋಗಿ ನಿಂತಿತು.

ರೊಕ್ಕ ಐವತ್ತು ಕಡಿಮಿ ಕೊಟ್ಟಳು.
"ಉಳದದ್ದು ರೊಟ್ಟಿಲಿಂದ ತೀರಸ್ತೀನಿ," ಅಂದಳು ಟಂಟಂ ಹತ್ತಿ.