ಕೆಂಡ ಕೇಳಲು ಹೋದದ್ದು

ಡಿಸೆಂಬರಿನ ಸಿರ್ಸಿ. ರಾತ್ರಿ ಒಂಬತ್ತಕ್ಕೇ
ದೇವಿಕೆರೆಯ ಮೇಲೆ ಕಾವಳ ಮಗ್ಗುಲಾಗಿತ್ತು.
ಡಿಪೋದಿಂದ ಬಂದವನ ಉಗುರಲ್ಲಿ ಇನ್ನೂ ಗ್ರೀಸು,
ಚಪ್ಪಲಿ ಬಿಡುವ ಮೊದಲೇ ಅವ್ವ ಕೈಗೆ ಕೊಟ್ಟಳು
ತಳ ಸುಟ್ಟ ಕಬ್ಬಿಣದ ಬಾಣಲೆ:
“ಒಲೆಯಲ್ಲಿ ಬೂದಿ ಬಿಟ್ರೆ ಏನಿಲ್ಲ.
ಇಸ್ತ್ರಿ ಗುತ್ಯಪ್ಪನ ಹತ್ರ ನಾಕು ಕೆಂಡ ಇಸ್ಕಂಡ್ ಬಾ,
ಹನ್ನೊಂದು ದಿನದ ಕೂಸು, ಕಾಲು ಹಿಮ ಆಗದೆ.”

ಬಾಣಂತಿ ಕೋಣೆಯೆಂದರೆ ಎಂಟಡಿಗೆ ಹತ್ತು.
ತವರಲ್ಲಿ ಯಾರೂ ಇಲ್ಲದ ಸೊಸೆ ಎಂದು
ಅವ್ವನೇ ತಾಯಿಯಾಗಿ ಕಟ್ಟಿದ ಕೋಟೆ ಅದು:
ಕಿಟಕಿಯ ಸಂದಿಗೆ ನನ್ನ ಹಳೇ ಬನಿಯನ್ನು,
ಬಾಗಿಲ ಬುಡಕ್ಕೆ ಗೋಣಿತಾಟು.
ಸೊಳ್ಳೆ ಕೂಡ ಅಪ್ಪಣೆ ಕೇಳಿ ಬರಬೇಕು.

ಗುತ್ಯಪ್ಪ ಮಡಿವಾಳ ಇಸ್ತ್ರಿ ಮಾಡುವುದು
ಬಯಲಲ್ಲಿ, ತಳ್ಳುಗಾಡಿಯ ಮೇಲೆ, ಮಫ್ಲರ್ ಸುತ್ತಿ.
ಬೆನ್ನಿಗೇ ಸ್ವಂತ ಅಂಗಡಿಯಿದೆ,
ಅದರೊಳಗೆ ಸೈಕಲ್ಲು, ಇದ್ದಿಲ ಚೀಲ, ಅಷ್ಟೆ.
ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಬಾಣಲೆ ಚಾಚಿದೆ.
ಅವನು ಪೆಟ್ಟಿಗೆಯ ಮುಚ್ಚಳ ತೆರೆಯಲಿಲ್ಲ.
“ಕಿಟಕಿ ಎಷ್ಟು ತೆಗ್ದದೆ?”
ಮುಚ್ಚಿದೆ, ಅಂದೆ.
“ಒಳಗೆ ಮಲಗೂದು ಎಷ್ಟು ಮಂದಿ?”
ಅವ್ವ, ಇವಳು, ಕೂಸು. ಎರಡೂವರೆ ಅನ್ನು, ಎಂದು ನಕ್ಕೆ.
ಅವನು ನಗಲಿಲ್ಲ. ಕೈಲಿದ್ದ ಅಂಗಿಯ ತೋಳು
ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಹೇಳಿದ:

“ಕೆರಿಯ ಅಂತ ಹುಡುಗ ಇದ್ದ, ಬನವಾಸಿ ಕಡೆಯವ.
ಹದಿನೇಳು. ಕಾಲರು ನನಗಿಂತ ಚೆಂದ ಕೂರಿಸ್ತಿದ್ದ.
ಹಿಂಗೇ ಒಂದು ಥಂಡಿಗೆ ಕಡೇ ಬಸ್ಸು ತಪ್ಪಿ
ಅಂಗಡೀಲೇ ಮಲಗ್ತೆ ಅಂದ.
ಪೆಟ್ಟಿಗೆ ಕೆಂಡ ತಗಡಿಗೆ ಸುರಿದು ಕೊಟ್ಟವ ನಾನು.
ಗಾಳಿ ನುಗ್ತದೆ ಅಂತ ಶಟರ್ ಎಳೆದವನೂ ನಾನು.
ಹೊಗೆ ಇರಲಿಲ್ಲ, ತಮ್ಮಾ. ಮೋಸ ಇರೂದೇ ಅಲ್ಲಿ.
ಹೊಗೆಯಾದ್ರೆ ಕೆಮ್ಮಿಸ್ತದೆ, ಎಬ್ಬಿಸಿ ಬೈಸ್ತದೆ.
ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ,
ಕಳ್ಳನಿಗಾದ್ರೂ ಹೆಜ್ಜೆ ಸಪ್ಪಳ ಇರ್ತದೆ.
ಬೆಳಿಗ್ಗೆ ಶಟರೆತ್ತಿದರೆ ಮುಖ ಕೆಂಪಗೆ,
ಒಳ್ಳೇ ನಿದ್ದೆ ಬಿದ್ದವರ ಹಾಗೆ.
ತಗಡಿನ ಬೂದಿ ಇನ್ನೂ ಬೆಚ್ಚಗಿತ್ತು.”

ನಾಕೆಯಲ್ಲಿ ಒಂದು ಲಾರಿ ಗೇರು ಬದಲಿಸಿತು.
“ಕೆಂಡ ಕೊಡೂದಿಲ್ಲ ನಿಂಗೆ.
ಹೋಗು, ಕೂಸಿನ ಬಟ್ಟೆ ತಾ, ಹಾಸಿದ್ದು ಹೊದ್ದದ್ದು ಎಲ್ಲ ತಾ.”

ಅವ್ವ ಬೈಯುವುದರೊಳಗೆ ಬಾಚಿಕೊಂಡು ಬಂದೆ:
ಅಜ್ಜಿಯ ಸೀರೆ ಹರಿದ ಆರು ತುಂಡು,
ದುಪಟಿ, ಕುಲಾಯಿ, ಇವಳ ಕಂಬಳಿ.
ಅವನು ಪೆಟ್ಟಿಗೆಯನ್ನು ಗಾಳಿಗೆ ಬೀಸಿದ,
ಕಿಂಡಿಗಳಲ್ಲಿ ಕೆಂಪು ಕಣ್ಣು ಬಿಟ್ಟಿತು.
ಮದುವೆಯ ರೇಷ್ಮೆಗೂ ಅಷ್ಟು ಮರ್ಯಾದೆ ಸಿಕ್ಕಿರಲಿಕ್ಕಿಲ್ಲ.
ಒಂದೊಂದು ತುಂಡನ್ನೂ ಒತ್ತಿ, ತಿರುವಿ,
ತನ್ನ ನರೆಗಡ್ಡದ ಕೆನ್ನೆಗಿಟ್ಟು ನೋಡಿ,
ಸುಡುವುದನ್ನು ಕೊಡವಿ ಆರಿಸಿ,
ಕಂಬಳಿಯೊಳಗೆ ಸುರುಳಿ ಸುತ್ತಿದ.
“ಕಾವು ಒಯ್ಯಿ. ಕೆಂಡ ಹೊರಗಿರಲಿ.
ಮತ್ತೆ ಆ ಕಿಟಕಿ, ನಾಕು ಬೆರಳು.”

ಕಾವಳದಲ್ಲಿ ಓಡಿದೆ, ಎದೆಗವಚಿ,
ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯಂಥ ಗಂಟು.

ಬನಿಯನ್ನು ಕಿತ್ತಾಗ ಕಿಟಕಿಯಿಂದ
ತಣ್ಣನೆ ಬ್ಲೇಡಿನಂತೆ ಬಂತು ಗಾಳಿ.
ಅವ್ವ ಇಡೀ ಓಣಿಗೆ ಕೇಳುವಂತೆ ಗೊಣಗಿದಳು.
ಬಿಸಿ ದುಪಟಿಯೊಳಗೆ ಕೂಸು ಮುಷ್ಟಿ ಸಡಿಲಿಸಿತು.
ಸ್ವಲ್ಪ ಹೊತ್ತಿಗೆ ಇವಳು, ಕಣ್ಣು ಮುಚ್ಚಿಕೊಂಡೇ:
“ಮೂರು ರಾತ್ರಿಯಿಂದ ಸಿಡೀತಿದ್ದ ತಲೆ
ಈಗ ಹಗುರ ಅನ್ನಿಸ್ತದೆ.”

ಮೂರು ರಾತ್ರಿ. ಒಲೆಯ ಕೆಂಡ ಒಳಗಿಟ್ಟದ್ದೂ ಮೂರೇ ರಾತ್ರಿ.
ಬಾಣಂತಿ ವಾಯು ಎಂದು ಅವ್ವ
ಮೆಣಸಿನ ಕಷಾಯ ಕುಡಿಸುತ್ತಿದ್ದಳು.
ಅವಳ ಗೊಣಗು ಅರ್ಧಕ್ಕೇ ನಿಂತಿತು.

ನಡುರಾತ್ರಿ ಎಚ್ಚರವಾಗಿ ಇಣುಕಿದೆ.
ಕತ್ತಲಲ್ಲಿ ಅವ್ವ, ಸೆರಗು ಕಿವಿಗೆ ಬಿಗಿದು,
ಕಿಟಕಿಯ ಸಂದಿಗೆ ಬೆರಳಿಟ್ಟು ಅಳೆಯುತ್ತಿದ್ದಳು.
ನಾಲ್ಕು. ಇನ್ನೊಂದು ಸೇರಿಸಿ
ಕಟ್ಟಿಗೆ ಚಕ್ಕೆಯೊಂದನ್ನು ಕೊಟ್ಟು ನಿಲ್ಲಿಸಿದಳು.
ಅಂಗಳದಲ್ಲಿ ಬೋರಲು ಬಾಣಲೆಯ ಮೇಲೆ ಇಬ್ಬನಿ ಬೀಳುತ್ತಿತ್ತು.