ಒತ್ತಿ ಕೂತದ್ದು

ಮೇ ತಿಂಗಳ ಬಳ್ಳಾರಿ. ಹನ್ನೊಂದಕ್ಕೇ
ಲ್ಯಾಬಿನ ಬಾಗಿಲ ಹಿಡಿ ಸುಡುತ್ತದೆ.
ನನಗೆ ಬೇಕಾದದ್ದು ಸೊನ್ನೆ ಡಿಗ್ರಿ.
ಕರೆಂಟು ಹೋಗಿದೆ; ಸೋಡಾ ಅಂಗಡಿಯ ಜಿಲಾನಿ ಕೊಟ್ಟ ಐಸುಗಡ್ಡೆ
ಭತ್ತದ ಹೊಟ್ಟಿನೊಳಗೇ ಅರ್ಧವಾಗಿದೆ.

ಶೇಂಗಾ ಬೀಜದೊಳಗಿನ ಒಂದು ಪ್ರೋಟೀನು.
ಅದರ ರೂಪ ಕಣ್ಣಿಗೆ ಬೀಳುವಂಥದ್ದಲ್ಲ,
ತೂಕಕ್ಕೆ ಬೀಳುವಂಥದ್ದು.
ಭಾರಜಲದಲ್ಲಿ ಅದ್ದುತ್ತೇನೆ.
ಹೊರಗೆ ಚಾಚಿದ ಕೈಗಳು
ಹಗುರ ಹೈಡ್ರೋಜನ್ ಕೊಟ್ಟು ಭಾರದ್ದನ್ನು ಇಸಿದುಕೊಳ್ಳುತ್ತವೆ,
ಮಡಿಕೆಯೊಳಗೆ ಮುದುಡಿದವು ಸುಮ್ಮನಿರುತ್ತವೆ.
ಹತ್ತು ಸೆಕೆಂಡು. ಹುಳಿ ಸುರಿದು, ಐಸಿಗೆ ಒತ್ತಿ ನಿಲ್ಲಿಸಬೇಕು;
ಪೆಪ್ಸಿನ್ ಕತ್ತರಿಸಿದ ತುಂಡುಗಳನ್ನು
ಸೂಜಿಮೊನೆಯಿಂದ ನಿರ್ವಾತಕ್ಕೆ ಹಾರಿಸಿ
ಒಂದೊಂದನ್ನೂ ತೂಗಬೇಕು.
ತಡವಾಯಿತೋ, ಮರೆಯುತ್ತದೆ:
ಇಸಿದುಕೊಂಡದ್ದನ್ನೆಲ್ಲ ಮಾಮೂಲಿ ನೀರಿಗೆ ವಾಪಸು ಮಾಡಿ
ಏನೂ ಆಗಲಿಲ್ಲವೆಂಬಂತೆ.

ಈ ತಿಂಗಳಲ್ಲಿ ಮೂರು ಸಲ ಮರೆತಿದೆ.
ಮರೆಯದ ದಿನ ಇನ್ನೊಂದು ತಕರಾರು:
ನಲವತ್ತೊಂದರಿಂದ ಐವತ್ತೆರಡರವರೆಗಿನ ತುಂಡು
ಲೆಕ್ಕದ ಪ್ರಕಾರ ಬಯಲಲ್ಲಿರಬೇಕು.
ಒಂದು ಗುಂಜಿಯೂ ಏರುವುದಿಲ್ಲ.

ಸಂಜೆ, ಕೌಲ್ ಬಜಾರಿನ ಬಾಡಿಗೆ ಮನೆಯ ಮೆಟ್ಟಿಲು.
ಜೀನ್ಸ್ ವಾಶಿಂಗ್ ಯೂನಿಟ್ಟಿನಿಂದ ಬಂದ ಹುಲಿಗೆಮ್ಮ
ಕಾಲು ಚಾಚಿ ಕೇಳಿದಳು,
"ದಿನಾ ಏನ್ ತೂಗ್ತಿಯಬೇ, ಬಂಗಾರಾನಾ?"
ಹೇಳಿದೆ. ಚೂರು ಮಾಡಿ ತೂಗಿ, ಇಡಿಯಾಗಿದ್ದಾಗಿನ ಮಡಿಕೆ ಹೇಳುವುದು
ಅವಳ ಮುಂದೆ ನನಗೇ ಸುಳ್ಳೆನಿಸಿತು.

ಅವಳಿಗೆ ಅನಿಸಲಿಲ್ಲ. ಚೀಲದಿಂದ ಒಂದು ರಿಜೆಕ್ಟ್ ಪ್ಯಾಂಟು ಎಳೆದಳು.
"ಮಡಚಿ ದಾರ ಬಿಗಿದು ಡ್ರಮ್ಮಿಗೆ ಹಾಕ್ತೀವಿ.
ಬೆಳ್ಳಗಾದದ್ದು ಹೊರಗಿತ್ತು, ನೀಲಿ ಉಳಿದದ್ದು ಒಳಗಿತ್ತು.
ಚಿಂದಿ ಮಾಡಿ ಕೊಡು, ಹೆಂಗ ಮಡಚಿದ್ರು ಹೇಳ್ತೀನಿ."
ಆಮೇಲೆ, ತೊಡೆಯ ಹತ್ತಿರದ ಒಂದು ನೀಲಿ ಪಟ್ಟಿಯನ್ನು
ಹೆಬ್ಬೆರಳಲ್ಲಿ ಉಜ್ಜುತ್ತ,
"ಇದು ಮಾತ್ರ ಮಡಿಕೆ ಅಲ್ಲ.
ಇನ್ನೊಂದು ಪ್ಯಾಂಟು ಬಂದು ಒತ್ತಿ ಕುಂತಿತ್ತು, ಅಷ್ಟೆ."

ನಾನು ಎದ್ದು ನಿಂತೆ.
ಆರು ವಾರ ಒಂದನ್ನೇ ನೋಡುತ್ತಿದ್ದೆ. ಅವು ಇಬ್ಬಿಬ್ಬರಾಗಿ ಕೂತಿದ್ದರೆ?
ನೀರು ಹೆಚ್ಚಿಸಿ ತೆಳುವಾಗಿಸಿದರೆ, ದೂರವಾಗಿ,
ನಲವತ್ತೊಂದರಿಂದ ಐವತ್ತೆರಡು
ಕೈ ಚಾಚೀತೇ?

"ಜಿಲಾನಿ, ನಾಳೆ ಎರಡು ಗಡ್ಡೆ. ಆರು ಗಂಟೆಗೇ."
ಫೋನಿಟ್ಟು ತಿರುಗಿದಾಗ
ಹುಲಿಗೆಮ್ಮ ನಲ್ಲಿಯಡಿ ಕೈ ತೊಳೆಯುತ್ತಿದ್ದಳು.
ಹಿಂಗೈಯೆಲ್ಲ ನೀಲಿ; ಅದು ಹೋಗುವುದಿಲ್ಲ.
ಬೆರಳು ಬಿಚ್ಚಿದಳು.
ದಿನವಿಡೀ ಮುಷ್ಟಿ ಹಿಡಿದಲ್ಲಿ
ನಾಲ್ಕು ಗೆರೆ, ಅವಳದೇ ಬಣ್ಣ.