ಐವತ್ತೊಂದು, ಐವತ್ತೆರಡು

ನಾನೈ ನದಿಯ ದಡದ ತಗಡಿನ ಶೆಡ್ಡಿನಲ್ಲಿ
ಬೆಳಗಿನ ಐದೂವರೆಗೆ ನೆಲಿಡಾ ತುವಾನಾಮ
ಒಂದು ಕಿಲೋ ತೂಗದ ಕೋತಿಯ ತೊಡೆಯಿಂದ
ಅರ್ಧ ಮಿಲಿ ರಕ್ತ ಎಳೆದುಕೊಳ್ಳುತ್ತಾಳೆ.
ಕೋತಿ ಅವಳ ಪೆನ್ನಿನ ಮುಚ್ಚಳ ಎಳೆದುಕೊಳ್ಳುತ್ತದೆ.
ಅಲ್ಲಿಗೆ ಲೆಕ್ಕ ಚುಕ್ತಾ.

ಇಕಿಟೋಸಿನ ಜನ ಇದಕ್ಕೆ ಫ್ರೈಲೆ ಅನ್ನುತ್ತಾರೆ,
ಎಂದರೆ ಸನ್ಯಾಸಿ.
ತಲೆಯ ಮೇಲಿನ ಕಪ್ಪು ಟೊಪ್ಪಿಗೆಯೊಂದು ಬಿಟ್ಟರೆ
ವೈರಾಗ್ಯದ ಲಕ್ಷಣ ಹುಡುಕಿದರೂ ಸಿಕ್ಕದು.

ಸಂಜೆ ಯಂತ್ರ ಅಂಕಿ ಉಗುಳುತ್ತದೆ:
ಕಾರ್ಟಿಸಾಲ್, ನಮ್ಮದಕ್ಕಿಂತ ಹತ್ತು ಪಟ್ಟು ದಾಟಿ.
ಪರೀಕ್ಷೆಯ ಹಿಂದಿನ ರಾತ್ರಿಯ ಹಾರ್ಮೋನು ಅದು,
ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಹಾರ್ಮೋನು.
ಇಷ್ಟು ನಮ್ಮಲ್ಲಿ ಹರಿದಿದ್ದರೆ
ಮುಖ ಊದಿ ಹುಣ್ಣಿಮೆ, ಚರ್ಮ ಈರುಳ್ಳಿ ಸಿಪ್ಪೆ,
ಮೂಳೆ ಚಹಾದಲ್ಲಿ ಅದ್ದಿದ ರಸ್ಕು.
ಇದೋ, ಮುಚ್ಚಳ ಕಚ್ಚಿಕೊಂಡು
ಸರಳಿನಿಂದ ಸರಳಿಗೆ ನೆಗೆಯುತ್ತಿದೆ.

ಮೊದಲ ವರ್ಷ ಯಂತ್ರವನ್ನು ಅನುಮಾನಿಸಿದಳು.
ಎರಡನೆಯ ವರ್ಷ ಲಿಮಾದಿಂದ ಬಂದ ದ್ರಾವಣವನ್ನು.
ಮೂರನೆಯ ವರ್ಷ ತನ್ನ ಕೈಯನ್ನೇ.
ಆಮೇಲೆ ಮುದುಕ ಪಿನೆಡೊ
ಹೋಟೆಲಿನ ಕಾಗದದ ಕರವಸ್ತ್ರದ ಮೇಲೆ
ಮೀನಿನ ಎಣ್ಣೆ ಅಂಟಿದ ಬೆರಳಲ್ಲೇ ಬರೆದು ತೋರಿಸಿದ:

ಇವರಿಗೆ ಹೆಸರಿಲ್ಲ ಮಗಳೇ, ತೂಕವೇ ಹೆಸರು.
ಗ್ರಾಹಕ ತಾನಾಗಿ ನೆಟ್ಟಗೆ ನಿಲ್ಲಲಾರ.
ತೊಂಬತ್ತು ಎಂಬವಳು ಬೆನ್ನಿಗೆ ಕೈಕೊಟ್ಟು
ಬಾಯಿ ತೆರೆಸಿ ಕೂರಿಸುತ್ತಾಳೆ,
ಹಾರ್ಮೋನು ಬಂದರೆ ನುಂಗಲಿ ಅಂತ.
ಅವಳ ಪಕ್ಕ ಉಳಿದ ಜಾಗ ಒಂದೇ.
ಅಲ್ಲಿ ಐವತ್ತೆರಡು ಬಂದು ಕೂತರೆ
ಒಂದು ತೊಟ್ಟು ಸಾಕು,
ಗ್ರಾಹಕನನ್ನು ಹಳಿಯ ಮೇಲೆ ಎಳೆದೊಯ್ದು
ಕೋಶಕೇಂದ್ರದ ಬಾಗಿಲು ಬಡಿಯುತ್ತಾನೆ.
ಐವತ್ತೊಂದು ಕೂತರೆ,
ಅದೇ ಮನೆತನ, ಅದೇ ಮೈಕಟ್ಟು, ಅವಳಿ ಅನ್ನಬೇಕು,
ಗ್ರಾಹಕನ ಬಾಯಿ ಅರ್ಧ ಮುಚ್ಚಿಸಿ
'ಇರಲಿ, ಆಮೇಲೆ ನೋಡೋಣ' ಅನ್ನುತ್ತಾನೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಸನ್ಯಾಸಿಗಳ ಜೀವಕೋಶದ ತುಂಬ ಐವತ್ತೊಂದುಗಳ ಸಂತೆ.
ಅದಕ್ಕೇ ಗ್ರಂಥಿ ಗಂಟಲು ಹರಿಯುವಂತೆ ಕೂಗುತ್ತದೆ,
ಒಳಗೆ ಕೇಳುವುದು ಮಾತ್ರ ಪಿಸುಮಾತಿನಷ್ಟು.
ಅಷ್ಟೇ ಅದಕ್ಕೆ ಬೇಕಾದದ್ದು.

ಅಜ್ಜಿಯ ಕಹಾಮಾರ್ಕಾದ ಅಡುಗೆಮನೆಯಲ್ಲಿ
ಒಲೆಯ ಬುಡದ ಗಿನಿಯಿಲಿಗಳ ರಕ್ತವೂ ಹೀಗೇ ಕೂಗುತ್ತಿತ್ತಂತೆ.
ಅಲ್ಲಿ ಪೂಜಾರಿ ನಿರಪರಾಧಿ;
ವಿಗ್ರಹದ ಕಿವಿಯನ್ನೇ ಬೇರೆ ಥರ ಕಡೆದದ್ದು.
ಎರಡು ದಾರಿ, ಒಂದೇ ಕಿವುಡು.
ಯಾಕೆ ಎಂದು ಕೇಳಿದರೆ ಪಿನೆಡೊ ಮೀನಿನ ಮುಳ್ಳು ತೆಗೆಯುತ್ತಿದ್ದ.

ಮನೆಯಲ್ಲಿ ಚಿಕ್ಕಮ್ಮ ಎರ್ಮಿಲಾ
ಲೂಪಸ್ಸಿಗೆ ದಿನಕ್ಕೆ ನಾಲ್ಕು ಬಿಳಿ ಗುಳಿಗೆ ನುಂಗುತ್ತಾಳೆ.
ಅವಳ ಗ್ರಾಹಕರು ಸೂಜಿ ಬಿದ್ದರೂ ಕೇಳಿಸಿಕೊಳ್ಳುವವರು.
ಮುಖ ಊದಿದ ವಾರವೇ
ಕನ್ನಡಿಯನ್ನು ಗೋಡೆಗೆ ಮುಖ ಮಾಡಿಸಿದಳು.
'ನಿನ್ನ ಸನ್ಯಾಸಿಗಳದ್ದು ಒಂದು ಚಮಚ ತಾರೇ' ಎಂದಳು ನಿನ್ನೆ,
ಮರಗೆಣಸು ಸುಲಿಯುತ್ತ.
'ತಂದರೆ ಗುಳಿಗೆಯೂ ಕಿವುಡನ ಮುಂದಿನ ಕಿನ್ನರಿ ಚಿಕ್ಕಮ್ಮ,
ಮೂತ್ರಪಿಂಡ ಹೋಗುತ್ತದೆ.'
'ಹಾಗಾದರೆ ಅರ್ಧ ಚಮಚ.'

ನೆಲಿಡಾ ನಕ್ಕಳು. ಇನ್ನೊಂದು ಮಾತು ಹೇಳಲಿಲ್ಲ:
ನಮ್ಮೊಳಗೂ ಇದ್ದಾನೆ ಅವನು.
ಹಾರ್ಮೋನು ಕರೆದಷ್ಟೂ ಬಾರಿ
ಕೋಶ ಇನ್ನೊಬ್ಬ ಐವತ್ತೊಂದನ್ನು ಹೆರುತ್ತದೆ,
ಕರೆಯ ಬಾಯಿಗೆ ಕರೆಯೇ ಹೊಲಿಗೆ.
ಕೆಲವರಲ್ಲಿ ಆ ಹೊಲಿಗೆ ಬಿಗಿ ಹೆಚ್ಚು;
'ಸಾಕು' ಎಂಬ ಮಾತೂ ಒಳಗೆ ತಲುಪದೆ
ನೆರೆ ಇಳಿದ ಮೇಲೂ ನೆರೆಯ ರಾತ್ರಿ ಮುಗಿಯುವುದಿಲ್ಲ.
ಬೆಲೆನ್ ಕೇರಿಯ ತೆಪ್ಪದ ಮನೆ ಕಿತ್ತುಹೋದಾಗ
ಅವಳಿಗೆ ಆರು ವರ್ಷ.

ಇವತ್ತು ಐದೂವರೆಗೆ
ಕೋತಿಗಳ ಸರದಿ ಮುಗಿಸಿ
ತನ್ನ ಎಡತೋಳಿಗೆ ತಾನೇ ಪಟ್ಟಿ ಕಟ್ಟಿಕೊಂಡು
ಒಂದು ಕೊಳವೆ ತುಂಬಿದಳು.
ಹೆಸರಿನ ಜಾಗದಲ್ಲಿ ಅಂಕಿ, ತೂಕದ ಜಾಗದಲ್ಲಿ ತೂಕ.
ಜಾತಿ ಎಂಬ ಕಾಲಮ್ಮಿನ ಮುಂದೆ
ಮುಚ್ಚಳವಿಲ್ಲದ ಪೆನ್ನು ತುಸು ಹೊತ್ತು ನಿಂತು
ಒಣಗಿತು.